ಕೊನೆಯ ತೂಬಿಗೂ ನೀರು ಬರಲಿ!

ತುಂಗಭದ್ರಾ ಎಡದಂಡೆ ಕಾಲುವೆಯ ಅಣ್ಣಂದಿರೇ, ಅಕ್ಕಂದಿರೇ,

ಕಾಲುವೆಗೆ ನೀರು ಬಿಟ್ಟ ಸುದ್ದಿ ಈ ಸಲವೂ ನಮಗೆ ಪೇಪರಿನಲ್ಲಿ ಬಂತು, ನೀರು ಮಾತ್ರ ಬರಲಿಲ್ಲ. ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ಸಿರವಾರ, ರಾಯಚೂರು ಮುಟ್ಟುವಷ್ಟರಲ್ಲಿ ಕಾಲುವೆ ಬತ್ತಿರುತ್ತದೆ. ಯೋಜನೆ ಮಾಡಿದವರು ಬಹುಪಾಲು ಜಮೀನಿಗೆ ಗೊತ್ತು ಮಾಡಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ. ಮೇಲ್ಭಾಗದಲ್ಲಿ ಎದ್ದದ್ದು ಭತ್ತದ ಗದ್ದೆ. ಸಾಲದ್ದಕ್ಕೆ ರಾತ್ರಿ ಕಾಲುವೆಗಿಳಿಯುವ ಪೈಪು, ಮೋಟರು. ನಮ್ಮ ಉಪಕಾಲುವೆಯಲ್ಲಿ ಇರುವುದು ಹೂಳು, ಜಾಲಿಕಂಟಿ. ಹತ್ತಿ ಕಾಯಿ ಕಟ್ಟುವ ಹೊತ್ತಿಗೆ ಹೊಲ ಬಿರುಕು ಬಿಟ್ಟಿರುತ್ತದೆ. ಊರಿನ ಕುಡಿಯುವ ನೀರಿನ ಕೆರೆಗೂ ಇದೇ ಕಾಲುವೆ ಗತಿ!

ಅಮೆರಿಕದ ಹಾರ್ವರ್ಡ್‌ನಲ್ಲಿ ಪಾಠ ಹೇಳುತ್ತಿದ್ದ ಜಾನ್ ರಾಲ್ಸ್ ಎಂಬ ತತ್ವಜ್ಞಾನಿ 1971ರಲ್ಲಿ ನ್ಯಾಯದ ಬಗ್ಗೆ ದೊಡ್ಡ ಪುಸ್ತಕ ಬರೆದರು. ಹಂಚಿಕೆಯ ನಿಯಮ ಮಾಡಲು ಕೂತವರಿಗೆ ತಮ್ಮ ಪಾಲಿಗೆ ಯಾವ ಜಾಗ ಬರುತ್ತದೆಂದೇ ಗೊತ್ತಿರಬಾರದು, ಆಗ ಒಪ್ಪಿದ ನಿಯಮವೇ ನ್ಯಾಯದ್ದು ಎಂಬುದು ಅವರ ವಾದ. ಇದನ್ನು ನಮ್ಮ ಕಾಲುವೆಗೆ ಹಚ್ಚಿ ನೋಡಿ. ನೀರು ಹಂಚುವ ಶಾಸಕರು, ಇಂಜಿನಿಯರರು, ಮುಖಂಡರು ನಾಳೆ ಚೀಟಿ ಎತ್ತಿ ಹೊಲ ಪಡೆಯಬೇಕು ಅಂದುಕೊಳ್ಳಿ. ಗಂಗಾವತಿಯೂ ಬರಬಹುದು, ರಾಯಚೂರಿನ ಕೊನೆ ತೂಬೂ ಬರಬಹುದು. ಈಗಿನ ಪದ್ಧತಿಗೆ ಆಗ ಯಾರು ಸಹಿ ಹಾಕುತ್ತಾರೆ?

ಒಬ್ಬರಿಗೆ ಹೆಚ್ಚು ಹೋಗುವುದೇ ತಪ್ಪೆಂದು ರಾಲ್ಸ್ ಹೇಳಲಿಲ್ಲ. ಆ ಹೆಚ್ಚಿನಿಂದ ಎಲ್ಲರಿಗಿಂತ ಕೆಳಗಿರುವವರಿಗೆ ಒಳಿತಾಗಬೇಕು ಎಂದರು. ಭತ್ತದಿಂದ ನಿಮಗೂ ನಾಟಿ ಕೂಲಿ ಸಿಗುತ್ತದಲ್ಲ ಎನ್ನುವವರಿದ್ದಾರೆ. ನಿಜ, ನಮ್ಮ ಮನೆಯ ಹೆಣ್ಣುಮಕ್ಕಳು ಆ ಗದ್ದೆಗಳಿಗೆ ಹೋಗುತ್ತಾರೆ. ಸ್ವಂತ ಹೊಲ ಒಣಗಲು ಬಿಟ್ಟು ಇನ್ನೊಬ್ಬರ ಕೆಸರಿಗಿಳಿಯುವುದು, ಅದೂ ಮುಗಿದಾಗ ಬೆಂಗಳೂರಿಗೆ ಗುಳೆ ಹೋಗುವುದು ಯಾವ ಸೀಮೆಯ ಒಳಿತು?

ಅಕ್ರಮವಾಗಿ ನೀರೆತ್ತುವುದನ್ನು ತಡೆಯಲೆಂದೇ 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದರು. ಕಾಯ್ದೆ ಪುಸ್ತಕದಲ್ಲಿದೆ, ಮೋಟರು ಕಾಲುವೆಯಲ್ಲಿದೆ.

ನಾವು ಕೇಳುವುದಿಷ್ಟು. ಸರದಿ ಕೊನೆಯ ತೂಬಿನಿಂದ ಶುರುವಾಗಲಿ. ಪ್ರತಿ ಗೇಜಿನಲ್ಲಿ ಹರಿದ ನೀರಿನ ಲೆಕ್ಕ ದಿನಾ ಪಂಚಾಯಿತಿ ಗೋಡೆಯ ಮೇಲೆ ಬೀಳಲಿ; ಕಳ್ಳತನ ಎಲ್ಲಿ ಆಯಿತೆಂದು ಓದಬಲ್ಲ ಹುಡುಗನೂ ಹೇಳುತ್ತಾನೆ. ನೀರು ಬಿಡುವ ಮುನ್ನ ಹೂಳು ತೆಗೆಸಿ.

ಸಿಂಧನೂರು, ಗಂಗಾವತಿ ಕಡೆಯ ರೈತ ಬಂಧುಗಳೇ, ನಿಮ್ಮ ಮೇಲೆ ನಮಗೆ ಹಗೆಯಿಲ್ಲ. ಸಾಲ ನಿಮಗೂ ಇದೆ. ನಿಮ್ಮ ಪಾಲು ನೀವು ತೆಗೆದುಕೊಳ್ಳಿ, ನಮ್ಮದನ್ನು ಬಿಡಿ.

ನೀರಾವರಿ ಸಲಹಾ ಸಮಿತಿ ಸಭೆ ಸೇರುವ ದಿನ ಎಲ್ಲರೂ ಬನ್ನಿ. ಪಹಣಿ ಕೈಯಲ್ಲಿರಲಿ, ಪಕ್ಕದ ಹೊಲದವರನ್ನೂ ಕರೆತನ್ನಿ.

– ಎಡದಂಡೆ ಕಾಲುವೆಯ ಕೆಳಭಾಗದ ರೈತರು ಮತ್ತು ಕೂಲಿಕಾರರು