ಹತ್ತು ಗಂಟೆಯ ಮೇಲೆ ದುರ್ಯೋಧನ

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಶಿವರಾತ್ರಿ ಕಳೆದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಜಾತ್ರೆಗಳ ಸಾಲು ಶುರುವಾಗಿರುತ್ತದೆ. ಜಾತ್ರೆ ಎಂದ ಮೇಲೆ ನಾಟಕ, ನಾಟಕ ಎಂದರೆ ಬಹುಪಾಲು ಕುರುಕ್ಷೇತ್ರ. ಫ್ಲೆಕ್ಸಿನಲ್ಲಿ ‘ರಾತ್ರಿ 8 ಗಂಟೆಗೆ ಸರಿಯಾಗಿ’ ಎಂದಿರುತ್ತದೆ; ಆ ‘ಸರಿಯಾಗಿ’ಯನ್ನು ಅಚ್ಚು ಹಾಕಿಸಿದವರೂ ನಂಬುವುದಿಲ್ಲ. ಇದೇ ತಿಂಗಳುಗಳಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ. ಹಾಗಾಗಿ ವರ್ಷವೂ ಅದೇ ತಕರಾರು: ಒಂದು ಮನೆಯಲ್ಲಿ ಮಗ ಗಣಿತ ಓದುತ್ತಿರುತ್ತಾನೆ, ಪಕ್ಕದ ಮನೆಯಲ್ಲಿ ಅಪ್ಪ ದುರ್ಯೋಧನನ ಕಂದಪದ್ಯ ಗಟ್ಟಿ ಮಾಡುತ್ತಿರುತ್ತಾನೆ. ಕೆಲವೊಮ್ಮೆ ಇಬ್ಬರೂ ಒಂದೇ ಮನೆಯವರು.

ಸದ್ದಿಗೆ ಕಡಿವಾಣ ಹಾಕಲು ಸೌಂಡ್ ಲಿಮಿಟರ್ ಎಂಬ ಯಂತ್ರವಿದೆ. ಇಂಗ್ಲೆಂಡಿನ ಊರ ಸಭಾಂಗಣಗಳಲ್ಲಿ, ಕ್ಲಬ್ಬುಗಳಲ್ಲಿ ಅದನ್ನು ಗೋಡೆಗೆ ಕೂರಿಸಿರುತ್ತಾರೆ. ಸದ್ದನ್ನು ಕೇಳಿಸಿಕೊಳ್ಳಲು ಒಂದು ಮೈಕು, ತೋರಿಸಲು ಹಸಿರು, ಹಳದಿ, ಕೆಂಪು ದೀಪ. ಗೊತ್ತುಮಾಡಿದ ಮಟ್ಟ ಮೀರಿ ಕೆಲವು ಸೆಕೆಂಡು ಕೆಂಪು ಉರಿದರೆ ವೇದಿಕೆಯ ಕರೆಂಟೇ ಕಟ್. ಅಲ್ಲಿನ ಡ್ರಮ್ ಬಾರಿಸುವವರಿಗೆ ಅದನ್ನು ಕಂಡರಾಗದು. ಜನ ಚಪ್ಪಾಳೆ ಜೋರಾಗಿ ತಟ್ಟಿದರೂ ದೀಪ ಕೆಂಪಾಗುವುದುಂಟು. ನಮ್ಮ ಕಡೆ ಲಿಮಿಟರ್ ಎಂದರೆ ಪೊಲೀಸ್ ಜೀಪು. ಅದು ಅಳೆಯುವುದು ಸದ್ದನ್ನಲ್ಲ, ಗಡಿಯಾರದ ಮುಳ್ಳನ್ನು.

ಕಾನೂನು ಹೊಸದೇನಲ್ಲ. ಕೇಂದ್ರ ಸರ್ಕಾರದ ಶಬ್ದಮಾಲಿನ್ಯ ನಿಯಮಗಳು 2000ದಲ್ಲೇ ಬಂದವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಹರಿದಿನಕ್ಕೆಂದು ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ವರ್ಷಕ್ಕೆ ಒಟ್ಟು 15 ದಿನ, ಅದೂ 12 ಗಂಟೆಯವರೆಗೆ ಸಡಿಲಿಸಬಹುದು. ಈ ಕಟ್ಟುನಿಟ್ಟಿನ ಹಿಂದೆ ಒಂದು ಕರುಳು ಹಿಂಡುವ ಸಂಗತಿಯಿದೆ. 13 ವರ್ಷದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆದಾಗ ನೆರೆಯ ಧ್ವನಿವರ್ಧಕದ ಅಬ್ಬರದಲ್ಲಿ ಅವಳ ಕೂಗು ಯಾರಿಗೂ ಕೇಳಿಸಲಿಲ್ಲ. ಆ ಸುದ್ದಿಯನ್ನು ಮುಂದಿಟ್ಟು ಹೂಡಿದ ಮೊಕದ್ದಮೆಯಲ್ಲೇ ಸುಪ್ರೀಂ ಕೋರ್ಟು 2005ರ ಜುಲೈ 18ರ ತೀರ್ಪು ಕೊಟ್ಟಿದ್ದು. ‘ನಮ್ಮ ಸಂಸ್ಕೃತಿಗೆ ಅಡ್ಡಿ’ ಎಂದು ಕೂಗುವ ಮುನ್ನ ನಾವು, ಕಲೆಯ ಪರ ವಾದಿಸುವವರು, ಆ ಹುಡುಗಿಯನ್ನು ನೆನೆಯಬೇಕು.

ಆದರೂ ನನ್ನದೊಂದು ಆಕ್ಷೇಪವಿದೆ. ಕೊರಟಗೆರೆ ಕಡೆಯ ಒಂದು ಹಳ್ಳಿಯಲ್ಲಿ ಕಂಡದ್ದು ಹೇಳುತ್ತೇನೆ. ಮೂರು ತಿಂಗಳು ಹಾರ್ಮೋನಿಯಂ ಮೇಷ್ಟ್ರು ಕೂತು ತಾಲೀಮು ಮಾಡಿಸಿದ್ದರು. ಪಾತ್ರಧಾರಿಗಳೆಲ್ಲ ತಮ್ಮ ಕೈಯಿಂದಲೇ ದುಡ್ಡು ಹಾಕಿದ್ದರು. ದುರ್ಯೋಧನನ ಪಾತ್ರಕ್ಕೆ ಎಲ್ಲರಿಗಿಂತ ಹೆಚ್ಚು. ಸೀನರಿ, ಡ್ರೆಸ್ಸು, ದ್ರೌಪದಿ-ರುಕ್ಮಿಣಿಯರಿಗೆ ಹೊರಗಿನಿಂದ ಕರೆಸಿದ ಕಲಾವಿದೆಯರು, ಎಲ್ಲ ಸಾಲದ ಲೆಕ್ಕ. ಎಂಟಕ್ಕೆ ಶುರುವಾಗಬೇಕಾದದ್ದು ಮುಖಂಡರ ಭಾಷಣ, ಹಾರ, ಶಾಲು, ಫೋಟೊಗಳಲ್ಲಿ ಹತ್ತು ದಾಟಿತು. (ಯಾವ ಜೀಪೂ ಸನ್ಮಾನವನ್ನು ನಿಲ್ಲಿಸಿದ್ದು ನಾನು ಕಂಡಿಲ್ಲ.) ಕೃಷ್ಣನ ಮೊದಲ ಹಾಡು ಮುಗಿಯುವಷ್ಟರಲ್ಲಿ ದೂರದಲ್ಲಿ ಜೀಪಿನ ದೀಪ ಕಾಣಿಸಿತು. ಮೈಕ್ ಸೆಟ್ಟಿನ ಹುಡುಗ ಯಾರೂ ಹೇಳದೆಯೇ ಆಂಪ್ಲಿಫೈಯರಿನ ಮೇಲೆ ಕೈಯಿಟ್ಟ.

“ಇನ್ನೂ ದುರ್ಯೋಧನನ ಎಂಟ್ರಿನೇ ಆಗಿಲ್ಲ ಸಾರ್,” ಎಂದರು ಮೇಷ್ಟ್ರು.

“ನಾನೇನ್ ಮಾಡ್ಲಿ ಮೇಷ್ಟ್ರೇ, ಯಾರೋ ಫೋನ್ ಮಾಡವ್ರೆ. ಸೌಂಡ್ ಕಮ್ಮಿ ಮಾಡ್ಕಂಡು ಆಡ್ಕಳಿ.”

ಕಾನೂನನ್ನು ಅಕ್ಷರಶಃ ಓದಿದರೆ ಆ ಪೇದೆ ಹಾಗೆ ಹೇಳುವಂತಿರಲಿಲ್ಲ. ಆದರೆ ಇಡೀ ವಿಷಯದಲ್ಲಿ ನಾನು ಕೇಳಿದ ಅತ್ಯಂತ ಬುದ್ಧಿವಂತ ಮಾತು ಅದೇ.

ಏಕೆಂದರೆ ಸದ್ದಿನ ಲೆಕ್ಕ ಗಡಿಯಾರದ ಲೆಕ್ಕದಷ್ಟು ಸರಳವಲ್ಲ. ನಾಟಕದ ಹಾರನ್ ಸ್ಪೀಕರಿನಿಂದ 10 ಮೀಟರಿನಲ್ಲಿ 90 ಡೆಸಿಬಲ್ ಇದ್ದರೆ, ಬಯಲಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸುಮಾರು 6 ಇಳಿಯುತ್ತದೆ: 20 ಮೀಟರಿಗೆ 84, 40ಕ್ಕೆ 78, 80ಕ್ಕೆ 72. ವಸತಿ ಪ್ರದೇಶಕ್ಕೆ ನಿಯಮ ಇಟ್ಟಿರುವ ಮಿತಿ ಹಗಲು 55, ರಾತ್ರಿ 45. ಅನುಮತಿ ಸಿಕ್ಕಿದ ದಿನವೂ ಜಾಗದ ಅಂಚಿನಲ್ಲಿ ಅದಕ್ಕಿಂತ 10 ಹೆಚ್ಚು, ಅಥವಾ 75, ಯಾವುದು ಕಡಿಮೆಯೋ ಅದು. ಅಂದರೆ ರಾತ್ರಿ 55. ಇಬ್ಬರು ಎದುರುಬದುರು ಕೂತು ಮಾತಾಡಿದರೂ ದಾಟುವ ಗೆರೆ. ಸಾಲದ್ದಕ್ಕೆ ಪಾವಗಡದಂಥ ಒಣ ಬಯಲಿನಲ್ಲಿ ರಾತ್ರಿ ನೆಲ ಬೇಗ ತಣಿಯುತ್ತದೆ. ನೆಲದ ಮೇಲೆ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆಯದು. ಮೇಲೆ ಹೋಗಬೇಕಾದ ಸದ್ದು ಬಾಗಿ ಕೆಳಕ್ಕೆ ಬರುತ್ತದೆ. ಆಚೆ ಊರಿನ ಶಕುನಿಯ ನಗು ಈಚೆ ಊರಿನ ಅಂಗಳದಲ್ಲಿ ಕೇಳಿಸುವುದು ಹೀಗೆ.

ಇನ್ನೊಂದು ಸಂಗತಿ ಗಮನಿಸಿ. ನಿಯಮ ಅಳೆಯುವುದು ‘ಎ’ ತೂಕದ ಡೆಸಿಬಲ್ಲಿನಲ್ಲಿ. ನಮ್ಮ ಕಿವಿ ತೀರಾ ತಗ್ಗಿನ ಸ್ವರಕ್ಕೆ ಮಂದ. ಹಾಗಾಗಿ ಈ ಅಳತೆ ಆ ಸ್ವರಗಳನ್ನು ಲೆಕ್ಕದಿಂದ ಕಳೆಯುತ್ತದೆ. 63 ಹರ್ಟ್ಸಿನ ಬೇಸ್ ಸದ್ದಿಗೆ 26 ಡೆಸಿಬಲ್ ಮಾಫಿ. ಟ್ರ್ಯಾಕ್ಟರ್ ಮೇಲೆ ಕಟ್ಟಿದ ಡಿಜೆ ಪೆಟ್ಟಿಗೆ ಆ ತಗ್ಗಿನಲ್ಲಿ 100 ಡೆಸಿಬಲ್ ಗುದ್ದಿದರೂ ಮೀಟರ್ 74 ಎನ್ನುತ್ತದೆ. ಕಿಟಕಿ ಗಾಜು ನಡುಗುತ್ತದೆ, ಬಾಣಂತಿ ಎದ್ದು ಕೂರುತ್ತಾಳೆ, ಮೀಟರಿಗೆ ಮಾತ್ರ ಅಷ್ಟಾಗಿ ತಾಗುವುದಿಲ್ಲ. ಅದೇ ಹಾರ್ಮೋನಿಯಮ್ಮಿನ ಸ್ವರ, ಏರುದನಿಯ ಕಂದಪದ್ಯ ಬಹುಪಾಲು ಲೆಕ್ಕಕ್ಕೆ ಬರುತ್ತವೆ. ಡಿಜೆಗೆಂದು ಬೀಸಿದ ಬಲೆಗೆ ಕುರುಕ್ಷೇತ್ರ ಬೀಳುವುದು ಹೀಗೂ ಉಂಟು.

ಇಷ್ಟಾದರೂ ನಮ್ಮ ತಪ್ಪೇ ಹೆಚ್ಚು ಎನಿಸುತ್ತದೆ ನನಗೆ. ನಾಟಕದ ಜಾಗಕ್ಕೆ ಹೋಗಿ ಹಾರನ್‌ಗಳು ಎತ್ತ ಮುಖ ಮಾಡಿವೆ ನೋಡಿ. ಎರಡು ಚಪ್ಪರದ ಕಡೆ, ಉಳಿದವು ಬೇವಿನ ಮರದ ಮೇಲೆ, ಲೈಟು ಕಂಬದ ಮೇಲೆ, ನೀರಿನ ಟ್ಯಾಂಕಿನ ಮೇಲೆ, ಊರಾಚೆಗೆ. ಚಾಪೆ ಹಾಸಿ ಕೂತವರಿಗೆ ಅವುಗಳಿಂದ ಪ್ರಯೋಜನವಿಲ್ಲ. ನಮ್ಮೂರಲ್ಲಿ ನಾಟಕ ಇದೆ ಎಂದು ಪಕ್ಕದೂರಿಗೆ ಗೊತ್ತಾಗಬೇಕು, ಅಷ್ಟೇ ಅವುಗಳ ಕೆಲಸ. ಮೈಕಿನ ಈ ಮೋಹ ನಟನೆಗೂ ಒಳ್ಳೆಯದು ಮಾಡಿಲ್ಲ. ವೇದಿಕೆಯ ಮೇಲೆ ಸಾಲಾಗಿ ಇಳಿಬಿಟ್ಟ ಮೈಕುಗಳ ಕೆಳಗೆ ಪಾತ್ರಗಳು ಬಂದು ನಿಲ್ಲುತ್ತವೆ, ಮಾತಾಡುತ್ತವೆ, ಮುಂದಿನ ಮೈಕಿಗೆ ನಡೆಯುತ್ತವೆ; ನಡುವಿನ ದಾರಿಯಲ್ಲಿ ಭೀಮನೂ ಮೂಗ. ನಮ್ಮ ಜಿಲ್ಲೆಯದೇ ಆದ ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಆಗ ಮೈಕಿರಲಿಲ್ಲ. ಗುಬ್ಬಿ ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರಕ್ಕೆ ರಂಗದ ಮೇಲೆ ಆನೆಯನ್ನೇ ತಂದ ಕಂಪನಿ ಅದು. ಕೊನೆಯ ಸಾಲಿನವನಿಗೆ ಮಾತು ಮುಟ್ಟಿಸುವುದು ಅಂದಿನ ನಟನ ಮೊದಲ ಪಾಠ. ಆ ಕಾಲ ಮರಳಲಿ ಎನ್ನುತ್ತಿಲ್ಲ. ಕಂಪನಿ ಆಡುತ್ತಿದ್ದ ಟೆಂಟಿನ ಬಟ್ಟೆಯೊಳಗಿನ ಸದ್ದು ಬೇರೆ, ಬಯಲಿನದೇ ಬೇರೆ.

ಮೈಕೇ ಬೇಡದ ಕಲೆಗಳ ಪಾಡು ಇನ್ನೂ ವಿಚಿತ್ರ. ಶಬ್ದಮಾಲಿನ್ಯ ನಿಯಮಗಳ 2010ರ ತಿದ್ದುಪಡಿ ರಾತ್ರಿಯ ನಿಷೇಧಕ್ಕೆ ‘ಸಂಗೀತ ವಾದ್ಯ’ವನ್ನೂ ಸೇರಿಸಿತು. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಚರ್ಮ ಬಿಗಿದು, ಬೆರಳಲ್ಲಿ ತಟ್ಟಿದರೆ ಠಣ್ ಎನ್ನುವವರೆಗೆ. ಕಾಯಿಸುವುದೇ ದನಿ ಎತ್ತರಿಸಲು. ಅದಕ್ಕೆ ಯಾವ ಲಿಮಿಟರ್ ಕೂರಿಸುತ್ತೀರಿ? ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಅದೇ ತಮಟೆ ರಾತ್ರಿ ಹತ್ತರ ಮೇಲೆ ಬಯಲಲ್ಲಿ ನಿಯಮಬಾಹಿರ. ಶಿರಾ ತಾಲ್ಲೂಕಿನ ಕಾಡುಗೊಲ್ಲರ ಹಟ್ಟಿಯಲ್ಲಿ ಅವರ ದೈವ ಜುಂಜಪ್ಪನ ಕತೆ ಹಾಡುವಾಗ ರಾತ್ರಿ ಊದುವ ಗಣೆಯೂ ಅಷ್ಟೆ. ಉದ್ದನೆಯ ಬಿದಿರ ಕೊಳಲು ಅದು. ಅದರ ದನಿ ಹಟ್ಟಿಯ ಬೇಲಿ ದಾಟಿದರೆ ಹೆಚ್ಚು. ಯಾರೂ ಹೋಗಿ ತಡೆಯುತ್ತಿಲ್ಲ, ನಿಜ. ಆದರೆ ಒಂದು ಕಲೆ ಯಾರದೋ ಉದಾಸೀನದ ನೆರಳಲ್ಲಿ ಬದುಕಬೇಕಾದದ್ದು ನನಗೆ ಸರಿ ಕಾಣುವುದಿಲ್ಲ.

ಕರಾವಳಿಯಲ್ಲಿ 2022ರಲ್ಲಿ ಕಟೀಲಿನ ಯಕ್ಷಗಾನ ಮೇಳಗಳು ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದಾಗ ದೊಡ್ಡ ಚರ್ಚೆಯೇ ನಡೆಯಿತು. ಅಲ್ಲಿ ಮೇಳಕ್ಕೆ ದೇವಸ್ಥಾನವಿದೆ, ಹರಕೆ ಹೊತ್ತ ಭಕ್ತರಿದ್ದಾರೆ, ಕೇಳುವ ಪತ್ರಿಕೆಗಳಿವೆ. ನಮ್ಮ ಕಡೆಯ ನಾಟಕಕ್ಕೆ ಇರುವುದು ಮೇಷ್ಟ್ರು ಮತ್ತು ಸಾಲ. ಗದಾಯುದ್ಧ ನಡೆಯಬೇಕಾದದ್ದು ಕೋಳಿ ಕೂಗುವ ಹೊತ್ತಿಗೆ. ಅದನ್ನು ಹತ್ತು ಗಂಟೆಗೆ ಎಳೆದು ತಂದರೆ ಅರ್ಧ ಪಾತ್ರಗಳನ್ನು ಕೈಬಿಡಬೇಕು, ಕೈಬಿಟ್ಟ ಪಾತ್ರಗಳವರ ದುಡ್ಡೂ ಹೋಗುತ್ತದೆ.

ಆದ್ದರಿಂದ ನನ್ನ ಮತ ಲಿಮಿಟರಿನ ಪರ, ಗಡಿಯಾರದ ವಿರುದ್ಧ. ಹತ್ತರ ಮೇಲೆ ಹಾರನ್ ಇಳಿಸಿ, ಚಪ್ಪರದೊಳಕ್ಕೆ ಮುಖ ಮಾಡಿದ ನಾಲ್ಕು ಸಣ್ಣ ಪೆಟ್ಟಿಗೆ ಇಡಿ. ಕಡೆಯ ಮನೆಯ ಬಾಗಿಲಲ್ಲಿ ಮೀಟರ್ ಹಿಡಿದು ನೋಡಿ. ಮೀರಿದರೆ ನಿಲ್ಲಿಸಿ, ಮೀರದಿದ್ದರೆ ಬೆಳಗಿನವರೆಗೆ ಆಡಲು ಬಿಡಿ. ಪರೀಕ್ಷೆಯ ಹಿಂದಿನ ರಾತ್ರಿಗಳಲ್ಲಿ ನಾಟಕವೇ ಬೇಡ. ನಿಯಮ ಇದಕ್ಕೆ ಇವತ್ತು ಎಡೆ ಕೊಡುವುದಿಲ್ಲ, ತಿದ್ದಬೇಕಾದದ್ದು ದೆಹಲಿಯಲ್ಲಿ. ಸನ್ಮಾನಗಳನ್ನು ಕೈಬಿಟ್ಟು ಆರು ಗಂಟೆಗೇ ಪರದೆ ಎತ್ತಲು ಮಾತ್ರ ದೆಹಲಿಯ ಅಪ್ಪಣೆ ಬೇಕಿಲ್ಲ; ನಾಲ್ಕು ತಾಸು ಅಲ್ಲೇ ಸಿಗುತ್ತದೆ. ಈ ಸಲ ನಾಟಕ ಆಡಿಸುವ ಯಾವ ಊರಾದರೂ ಹಾರನ್ ಇಳಿಸಿ ಆಡಿದರೆ, ಹಿಂದೆ ಕೂತವರಿಗೆ ಎಷ್ಟು ಕೇಳಿಸಿತು, ಪಕ್ಕದೂರಿನವರು ಏನೆಂದರು, ಮೈಕ್ ಸೆಟ್ಟಿನವರು ಬಾಡಿಗೆ ಎಷ್ಟು ಕಡಿಮೆ ಮಾಡಿದರು ಎಂದು ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.