ದುಡಿಯುತ್ತ ಕಲಿಯುವ ಹಾದಿ

ಕೃಷ್ಣರಾಜ ಮಾರುಕಟ್ಟೆಗೆ ಬೆಳಗಿನ ಜಾವದಲ್ಲಿ ಹೋಗಿ ನೋಡಿದವರಿಗೆ ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವ ಮಾತು ಸುಲಭವಾಗಿ ಮನದಟ್ಟಾದೀತು. ಸೂರ್ಯೋದಯಕ್ಕೆ ಬಹಳ ಮುಂಚೆಯೇ ಅಲ್ಲಿ ಹೂವಿನ ಮೂಟೆಗಳು ಬಂದಿಳಿಯುವುವು. ಮಲ್ಲಿಗೆ, ಕಾಕಡ, ಕನಕಾಂಬರ, ಸೇವಂತಿಗೆ, ಸುಗಂಧರಾಜ ಮೊದಲಾದ ಹೂಗಳ ರಾಶಿಯ ನಡುವೆ ಕುಳಿತು ಹೂ ಕಟ್ಟುವ ಹೆಂಗಸರ ಕೈಗಳನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಎಡಗೈಯ ಬೆರಳುಗಳು ಹೂವಿನ ತೊಟ್ಟುಗಳನ್ನು ಎದುರುಬದುರಾಗಿ ಜೋಡಿಸಿ ಹಿಡಿದಿರುವುವು. ಬಲಗೈಯು ದಾರವನ್ನು ಸುತ್ತಿ, ಕುಣಿಕೆ ಹಾಕಿ, ಎಳೆದು ಬಿಗಿಯುವುದು. ಕಣ್ಣು ಗಿರಾಕಿಯ ಮೇಲೆ, ಬಾಯಿ ಮೊಳದ ಬೆಲೆಯ ಮೇಲೆ. ಆದರೂ ಕೈ ತಪ್ಪುವುದಿಲ್ಲ. ಆ ಕೈ ಒಂದು ದಿನ ನಿಂತುಹೋದರೆ ಆ ಮನೆಯ ಒಲೆಯೂ ನಿಂತುಹೋಗುವುದೆಂಬುದನ್ನು ಹೂ ಕೊಂಡುಕೊಳ್ಳುವ ನಾವು ಆಲೋಚಿಸುವುದು ಅಪರೂಪ.

ನಮ್ಮ ಶಾಲೆಯಲ್ಲಿ ಓದಿ ಹೋದ ಒಬ್ಬ ಹುಡುಗಿಯ ತಾಯಿ ಹೀಗೆ ಹೂ ಕಟ್ಟಿ ಮಕ್ಕಳನ್ನು ಸಾಕಿದವರು. ಆ ತಾಯಿಗೆ ಪಾರ್ಶ್ವವಾಯು ತಗಲಿ ಬಲಗೈಯ ಸ್ವಾಧೀನ ತಪ್ಪಿತು. ವೈದ್ಯರು ಪ್ರಾಣವನ್ನು ಉಳಿಸಿದರು; ಔಷಧದ ಚೀಟಿಯನ್ನು ಕೊಟ್ಟು ಮನೆಗೆ ಕಳುಹಿಸಿದರು. ಆದರೆ ಆ ಕೈ ಮತ್ತೆ ತುತ್ತನ್ನು ಎತ್ತುವುದು ಹೇಗೆ, ಸೀರೆಯ ನೆರಿಗೆಯನ್ನು ಹಿಡಿಯುವುದು ಹೇಗೆ, ಹೂವನ್ನು ಕಟ್ಟುವುದು ಹೇಗೆ ಎಂಬುದನ್ನು ಹೇಳಿಕೊಡುವವರು ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಒಂದು ಧರ್ಮಶಿಬಿರದಲ್ಲಿ ಒಬ್ಬ ತರುಣಿಯು ಅವರನ್ನು ಪರೀಕ್ಷಿಸಿದಳು. ಆಕೆ ಮೊದಲು ಕೇಳಿದ ಪ್ರಶ್ನೆ, "ಅಮ್ಮಾ, ನಿಮಗೆ ಏನು ಮಾಡಲು ಆಗಬೇಕು?" ಎಂಬುದು. "ಹೂ ಕಟ್ಟಬೇಕು ತಾಯಿ" ಎಂದು ಆ ತಾಯಿ ಉತ್ತರಕೊಟ್ಟರು. ಆ ತರುಣಿಯು ಹೂ ಕಟ್ಟುವ ಕೆಲಸವನ್ನು ಬಿಡಿಬಿಡಿಯಾಗಿ ವಿಂಗಡಿಸಿ, ಮೊದಲು ಬರಿಯ ದಾರವನ್ನು ಹಿಡಿಯುವುದನ್ನೂ, ಬಳಿಕ ದಪ್ಪ ತೊಟ್ಟಿನ ಸೇವಂತಿಗೆಯನ್ನೂ, ಕಡೆಗೆ ಸಣ್ಣ ಹೂವನ್ನೂ ಅಭ್ಯಾಸಮಾಡಿಸಿದಳು. ದಾರದ ತುದಿಯನ್ನು ಬಿಗಿಹಿಡಿಯಲು ಒಂದು ಹಲಗೆಗೆ ಮೊಳೆ ಹೊಡೆದುಕೊಟ್ಟಳು. ಆ ತಾಯಿಯ ಕೈ ಮೊದಲಿನಂತೆ ಆಗಲಿಲ್ಲ. ಆದರೆ ಈಗ ದಿನಕ್ಕೆ ಕೆಲವು ಮೊಳವಾದರೂ ಕಟ್ಟುವರು.

ಇದನ್ನು ಕಣ್ಣಾರೆ ಕಂಡ ಮಗಳು ನಮ್ಮ ಬಳಿಗೆ ಬಂದು, "ಟೀಚರ್, ಆ ಅಕ್ಕನ ಕೆಲಸವನ್ನು ನಾನೂ ಕಲಿಯಬೇಕು, ದಾರಿ ತೋರಿಸಿ" ಎಂದು ಕೇಳಿದಳು. ಆಕೆ ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿ ತೇರ್ಗಡೆಯಾದವಳು. ಆದರೆ ಮನೆಯ ಖರ್ಚಿಗಾಗಿ ಒಂದು ನರ್ಸಿಂಗ್ ಹೋಮಿನಲ್ಲಿ ರೋಗಿಗಳ ಆರೈಕೆಯ ಕೆಲಸಕ್ಕೆ ಸೇರಿದ್ದಳು. ಆ ಸಂಬಳವನ್ನು ಬಿಟ್ಟು ವರ್ಷಗಟ್ಟಲೆ ಕಾಲೇಜಿನಲ್ಲಿ ಕುಳಿತರೆ ಮನೆ ನಡೆಯುವುದಿಲ್ಲ. ನಾವು ಆಕೆಗೆ ನೆಟ್ಟಗೆ ಉತ್ತರ ಕೊಡಲಾರದೆ ಹೋದೆವು. ಆ ಉತ್ತರವನ್ನು ಹುಡುಕುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಈ ವಿದ್ಯೆ ಯಾವುದೆಂಬುದನ್ನು ಹೇಳಬೇಕು. ಇದನ್ನು ಆಕ್ಯುಪೇಷನಲ್ ಥೆರಪಿ ಎಂದು ಕರೆಯುವರು. ಹೆಸರನ್ನು ಕೇಳಿದವರು ಇದು ಉದ್ಯೋಗ ಕೊಡಿಸುವ ಕಚೇರಿಯ ಕೆಲಸವೆಂದು ತಿಳಿಯುವುದುಂಟು. ಅದು ತಪ್ಪು. ಇಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸ ಮಾತ್ರವಲ್ಲ. ಹಲ್ಲುಜ್ಜುವುದು, ಸ್ನಾನಮಾಡುವುದು, ಅಡಿಗೆಮಾಡುವುದು, ಬರೆಯುವುದು, ಮಗುವಿನ ಪಾಲಿಗೆ ಆಟವಾಡುವುದು, ಹೀಗೆ ಮನುಷ್ಯನ ದಿನವನ್ನು ತುಂಬುವ ಕೆಲಸಗಳೆಲ್ಲವೂ ಸೇರಿವೆ. ನಮ್ಮ ನಾಡಿನ ಶರಣರು ಬಳಕೆಗೆ ತಂದ ಕಾಯಕವೆಂಬ ಮಾತು ಇದರ ಹತ್ತಿರಕ್ಕೆ ಬರುವುದು. ರೋಗದಿಂದಲೋ, ಅಪಘಾತದಿಂದಲೋ, ಹುಟ್ಟಿನಿಂದಲೋ, ಮನಸ್ಸಿನ ವ್ಯಾಧಿಯಿಂದಲೋ ಇಂಥ ಕೆಲಸಗಳಿಗೆ ಅಡ್ಡಿಯಾದಾಗ, ಆ ಕೆಲಸವನ್ನೇ ಚಿಕಿತ್ಸೆಯ ಸಾಧನವನ್ನಾಗಿ ಮಾಡಿಕೊಂಡು, ಅಗತ್ಯವಾದರೆ ಉಪಕರಣವನ್ನೋ ಮನೆಯ ಮೆಟ್ಟಿಲನ್ನೋ ಮಾರ್ಪಡಿಸಿ, ಮನುಷ್ಯನನ್ನು ಸ್ವಾವಲಂಬಿಯನ್ನಾಗಿ ಮಾಡುವುದೇ ಈ ವಿದ್ಯೆಯ ಉದ್ದೇಶ.

ಈ ವೃತ್ತಿಯು ಬೆಳೆದುಬಂದುದರಲ್ಲಿ ಸ್ತ್ರೀಯರ ಪಾಲು ದೊಡ್ಡದು. ಅಮೆರಿಕ ದೇಶದಲ್ಲಿ ಇದರ ಪ್ರಚಾರಕ್ಕಾಗಿ 1917ರಲ್ಲಿ ಒಂದು ಸಂಘವು ಸ್ಥಾಪಿತವಾಯಿತು. ಅದರ ಸ್ಥಾಪಕರಲ್ಲಿ ಎಲೀನರ್ ಕ್ಲಾರ್ಕ್ ಸ್ಲೇಗಲ್ ಎಂಬವರು ಒಬ್ಬರು. ಇಂಗ್ಲೆಂಡಿನಲ್ಲಿ ಡಾಕ್ಟರ್ ಎಲಿಜಬೆತ್ ಕ್ಯಾಸನ್ ಎಂಬ ಮಹಿಳೆಯು 1930ರಲ್ಲಿ ಬ್ರಿಸ್ಟಲ್ ನಗರದಲ್ಲಿ ಇದರ ಪಾಠಶಾಲೆಯನ್ನು ತೆರೆದರು. ನಮ್ಮ ದೇಶಕ್ಕೆ ಈ ವಿದ್ಯೆಯನ್ನು ತಂದವರು ಶ್ರೀಮತಿ ಕಮಲಾ ನಿಂಬಕರ್ ಅವರು. ಅಮೆರಿಕದಲ್ಲಿ ಹುಟ್ಟಿ, ಭಾರತೀಯರೊಬ್ಬರನ್ನು ವರಿಸಿ, ಈ ದೇಶವನ್ನೇ ತಮ್ಮದನ್ನಾಗಿ ಮಾಡಿಕೊಂಡ ಅವರ ಪ್ರಯತ್ನದಿಂದ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ಶಾಲೆಯು ಆರಂಭವಾಯಿತು. 1952ರಲ್ಲಿ ಅಖಿಲ ಭಾರತ ಸಂಘವು ಹುಟ್ಟಿತು. ಅದೇ ವರ್ಷ ಸ್ಥಾಪಿತವಾದ ಜಾಗತಿಕ ಒಕ್ಕೂಟದ ಮೊದಲ ಸದಸ್ಯ ರಾಷ್ಟ್ರಗಳಲ್ಲಿ ಭಾರತವೂ ಒಂದು. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ಅವರು ಈ ವೃತ್ತಿಯವರಲ್ಲ, ಶಸ್ತ್ರವೈದ್ಯೆ. ಆದರೂ ಅವರ ಜೀವನವನ್ನು ನಮ್ಮ ಹುಡುಗಿಯರು ಅರಿತಿರಬೇಕು. 1954ರಲ್ಲಿ ಅಪಘಾತದಿಂದ ಅವರ ಎರಡು ಕಾಲುಗಳೂ ನಿಶ್ಚೇಷ್ಟಿತವಾದವು. ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅವರ ಶ್ರಮದಿಂದ 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಚಿಕಿತ್ಸಾಲಯವು ತೆರೆಯಿತು.

ನಮ್ಮ ಬೆಂಗಳೂರಿಗೂ ಈ ವಿಚಾರವು ಹೊಸತಲ್ಲ. 1974ರಲ್ಲಿ ಮಾನಸಿಕ ಆಸ್ಪತ್ರೆಯೂ ಅದರ ಪಕ್ಕದ ವಿದ್ಯಾಸಂಸ್ಥೆಯೂ ಒಂದಾಗಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ ರೋಗಿಗಳು ಬೇಕರಿ, ಮರಗೆಲಸ, ಹೊಲಿಗೆ ಮೊದಲಾದ ಕೆಲಸಗಳ ಮೂಲಕ ಮತ್ತೆ ಬಾಳಿಗೆ ಹೊಂದಿಕೊಳ್ಳಲು ಕಲಿಯುವರು. ಆದರೆ ಈ ವಿದ್ಯೆಯನ್ನು ಕಲಿಸುವ ಕಾಲೇಜುಗಳು ನಮ್ಮ ರಾಜ್ಯದಲ್ಲಿ ವಿರಳ. ಮಣಿಪಾಲವು ಅವುಗಳಲ್ಲಿ ಹೆಸರಾದುದು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿದವರು ಇದಕ್ಕೆ ಸೇರಬಹುದು. ಆಸ್ಪತ್ರೆಯ ಅಭ್ಯಾಸವೂ ಸೇರಿ ಪದವಿಗೆ ನಾಲ್ಕೂವರೆಯಿಂದ ಐದು ವರ್ಷಗಳು ಹಿಡಿಯುವುವು. ಅನುಕೂಲಸ್ಥರ ಮಕ್ಕಳಿಗೆ ಇದು ಕಷ್ಟವಲ್ಲ. ಹೂವಾಡಗಿತ್ತಿಯ ಮಗಳಿಗಾದರೋ ಎರಡು ಹೊರೆಗಳು: ಒಂದು ಕಾಲೇಜಿನ ಫೀಜು, ಇನ್ನೊಂದು ಅಷ್ಟು ವರ್ಷ ಬಾರದೆ ಹೋಗುವ ಸಂಬಳ. ವಿದ್ಯಾರ್ಥಿವೇತನವು ಮೊದಲನೆಯದನ್ನು ಕೆಲಮಟ್ಟಿಗೆ ಇಳಿಸೀತು. ಎರಡನೆಯದನ್ನು ಇಳಿಸುವ ಉಪಾಯವನ್ನು ಯಾರೂ ಹೇಳುವುದಿಲ್ಲ.

ಇಂಗ್ಲೆಂಡು ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡಿದೆ. ಅದೇನಂದರೆ, ಆಸ್ಪತ್ರೆಯೇ ಅಭ್ಯರ್ಥಿಯನ್ನು ನೌಕರಿಗೆ ಸೇರಿಸಿಕೊಂಡು, ಸಂಬಳ ಕೊಡುತ್ತ, ಕೆಲಸದ ವೇಳೆಯಲ್ಲಿಯೇ ವಿಶ್ವವಿದ್ಯಾನಿಲಯದ ಪಾಠಕ್ಕೂ ಕಳುಹಿಸುವುದು. ಇದಕ್ಕೆ ಪದವಿ ಅಪ್ರೆಂಟಿಸ್ ಪದ್ಧತಿ ಎಂದು ಹೆಸರು. ಅಭ್ಯರ್ಥಿಯು ಫೀಜು ಕೊಡತಕ್ಕದ್ದಿಲ್ಲ. ಆ ಹಣಕ್ಕಾಗಿ 2017ರಿಂದ ಅಲ್ಲಿಯ ಸರ್ಕಾರವು, ವರ್ಷಕ್ಕೆ 30 ಲಕ್ಷ ಪೌಂಡಿಗಿಂತ ಹೆಚ್ಚು ಸಂಬಳ ಹಂಚುವ ಯಜಮಾನರಿಂದ ನೂರಕ್ಕೆ ಅರ್ಧದಂತೆ ಒಂದು ತೆರಿಗೆಯನ್ನು ವಸೂಲುಮಾಡುತ್ತಿದೆ. ಸುಮಾರು ನಾಲ್ಕು ವರ್ಷಗಳಲ್ಲಿ ಅಭ್ಯರ್ಥಿಯು ಪದವಿಯನ್ನು ಪಡೆದು, ಕಾಲೇಜಿನಲ್ಲಿ ಪೂರ್ಣಕಾಲ ಓದಿದವರು ಹೆಸರು ದಾಖಲಿಸುವ ಪುಸ್ತಕದಲ್ಲಿಯೇ ತನ್ನ ಹೆಸರನ್ನೂ ದಾಖಲಿಸಬಹುದು. ವಾರ್ಡಿನಲ್ಲಿ ಸಹಾಯಕರಾಗಿ ದುಡಿಯುತ್ತಿದ್ದ ಅನೇಕರು ಈ ದಾರಿಯಿಂದ ಮೇಲೆ ಬಂದಿರುವರು. ನಮ್ಮ ಹುಡುಗಿಯಂಥವರಿಗಾಗಿಯೇ ಈ ದಾರಿಯನ್ನು ಮಾಡಿದಂತಿದೆಯಲ್ಲವೇ?

ಇದು ಪರದೇಶದ ಮಾತು, ನಮಗೆ ಹೊಂದುವುದಿಲ್ಲ ಎಂದು ಕೆಲವರು ಹೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ದುಡಿಯುತ್ತ ಕಲಿಯುವುದು ನಮ್ಮ ಅಕ್ಕಸಾಲಿಗರ, ಬಡಗಿಗಳ, ನೇಕಾರರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕ್ರಮ. ದಾದಿಯರ ಶಿಕ್ಷಣವಂತೂ ಆಸ್ಪತ್ರೆಯ ವಾರ್ಡಿನಲ್ಲಿಯೇ ಬೆಳೆಯಿತು. ಕಾನೂನಿನ ಆಧಾರವೂ ನಮಗುಂಟು. ಅಪ್ರೆಂಟಿಸರ ಕಾಯಿದೆಯು 1961ರಲ್ಲಿಯೇ ಅಂಗೀಕೃತವಾಯಿತು. 2016ರಲ್ಲಿ ಕೇಂದ್ರ ಸರ್ಕಾರವು ಅಪ್ರೆಂಟಿಸರ ಭತ್ಯದ ಕಾಲು ಭಾಗವನ್ನು, ತಿಂಗಳಿಗೆ 1500 ರೂಪಾಯಿಗಳ ಮಿತಿಗೊಳಪಟ್ಟು, ತಾನೇ ಕೊಡುವ ಯೋಜನೆಯನ್ನು ಆರಂಭಿಸಿತು. ಪದವಿಯೊಳಗೇ ಅಪ್ರೆಂಟಿಸ್ ಶಿಕ್ಷಣವನ್ನು ಸೇರಿಸಬಹುದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2020ರಲ್ಲಿ ಸೂತ್ರಗಳನ್ನು ಹೊರಡಿಸಿತು. ಈ ವೃತ್ತಿಯೂ ಸೇರಿದಂತೆ ಆರೋಗ್ಯಕ್ಕೆ ಸಂಬಂಧಿಸಿದ ಅನೇಕ ವೃತ್ತಿಗಳ ಶಿಕ್ಷಣವನ್ನು ಒಂದೇ ಅಳತೆಗೆ ತರುವುದಕ್ಕೆ 2021ರಲ್ಲಿ ರಾಷ್ಟ್ರೀಯ ಕಾಯಿದೆಯೂ ಆಯಿತು. ಇಷ್ಟೆಲ್ಲ ನೂಲು ಕೈಯಲ್ಲಿರುವಾಗ ಬಟ್ಟೆಯನ್ನು ನೇಯುವುದೊಂದೇ ಉಳಿದಿದೆ.

ಆದರೂ ಎರಡು ಆಕ್ಷೇಪಣೆಗಳನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಒಂದನೆಯದು, ಹೀಗೆ ಕಲಿತವಳು ಅರೆಕಲಿತವಳಾದಾಳು ಎಂಬುದು. ಪಾರ್ಶ್ವವಾಯುವಿನ ಕೈಯನ್ನು ಅರಿಯದೆ ಎಳೆದರೆ ಭುಜದ ಕೀಲು ಕೆಡುವುದು. ಆದುದರಿಂದ ಶರೀರಶಾಸ್ತ್ರ, ನರಗಳ ಶಾಸ್ತ್ರ, ಮನಶ್ಶಾಸ್ತ್ರಗಳಲ್ಲಿ ಒಂದಂಶವನ್ನೂ ಕಡಿಮೆಮಾಡತಕ್ಕದ್ದಲ್ಲ. ಜಾಗತಿಕ ಒಕ್ಕೂಟವು ಎಲ್ಲ ವಿದ್ಯಾರ್ಥಿಗಳಿಗೂ ಕನಿಷ್ಠ 1000 ಗಂಟೆಗಳ ಪ್ರತ್ಯಕ್ಷ ಅಭ್ಯಾಸವನ್ನು ವಿಧಿಸಿದೆ. ಅಪ್ರೆಂಟಿಸಳಿಗೆ ಇದೇ ಪಾಠ, ಇದೇ ಪರೀಕ್ಷೆ, ಇದೇ ಪದವಿ ಇರಬೇಕು. ಬಡವರ ಮಕ್ಕಳಿಗಾಗಿ ಅಗ್ಗದ ಪ್ರಮಾಣಪತ್ರವೊಂದನ್ನು ಹೊಸದಾಗಿ ಸೃಷ್ಟಿಸುವುದಾದರೆ ಅದನ್ನು ನಾವೇ ಮೊದಲು ವಿರೋಧಿಸುವೆವು.

ಎರಡನೆಯದು ಇನ್ನೂ ಗಂಭೀರವಾದುದು. ಕಲಿಯಲು ಬಂದ ಹುಡುಗಿಯನ್ನು ಆಸ್ಪತ್ರೆಯು ಅಗ್ಗದ ಆಳನ್ನಾಗಿ ಬಳಸಿಕೊಂಡೀತು ಎಂಬುದು. ಇದು ಬರಿಯ ಭಯವಲ್ಲ. ದಾದಿಯರ ಶಿಕ್ಷಣದ ಚರಿತ್ರೆಯಲ್ಲಿ ಅನೇಕ ದೇಶಗಳಲ್ಲಿ ಹೀಗೆ ಆದುದುಂಟು. ಹಗಲಿರುಳು ವಾರ್ಡಿನ ಕೆಲಸಮಾಡಿ ದಣಿದು ಪಾಠದಲ್ಲಿ ತೂಕಡಿಸಿದ ಹುಡುಗಿಯರು ಎಷ್ಟೋ ಮಂದಿ. ಆದುದರಿಂದ ವಾರದಲ್ಲಿ ಇಷ್ಟು ಹೊತ್ತು ಪಾಠಕ್ಕೇ ಮೀಸಲೆಂದು ಕರಾರಿನಲ್ಲಿ ಬರೆದಿರಬೇಕು. ಪ್ರತಿಯೊಬ್ಬ ಅಭ್ಯರ್ಥಿನಿಗೂ ಅನುಭವಸ್ಥರಾದ ಒಬ್ಬ ಥೆರಪಿಸ್ಟರು ಮಾರ್ಗದರ್ಶಿಗಳಾಗಿರಬೇಕು. ಅರ್ಧದಲ್ಲಿ ಬಿಟ್ಟವಳ ಮೇಲೆ ಸಾಲವನ್ನು ಹೊರಿಸಬಾರದು. ಇವಿಷ್ಟೂ ಇಲ್ಲದಿದ್ದರೆ ಈ ಪದ್ಧತಿಯೇ ಬೇಡ.

ಮಾರುಕಟ್ಟೆಯ ಬೀದಿಯಾಚೆಗೆ 1900ನೆಯ ಇಸವಿಯ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಅವರಿಂದ ಉದ್ಘಾಟಿತವಾದ ವಿಕ್ಟೋರಿಯಾ ಆಸ್ಪತ್ರೆಯಿದೆ. ಅದರ ಆವರಣದ ಬಳಿಯಲ್ಲಿಯೇ 1935ರ ವಾಣಿ ವಿಲಾಸ ಆಸ್ಪತ್ರೆಯೂ 1955ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜೂ ಇರುವುವು. ಒಂದು ಕಡೆ ಕೈಯನ್ನೇ ನಂಬಿ ಬದುಕುವ ಹಮಾಲಿಗಳು, ಹೂವಾಡಗಿತ್ತಿಯರು, ತರಕಾರಿಯವರು. ಇನ್ನೊಂದು ಕಡೆ ಕೈಕಾಲು ಕುಂದಿದವರನ್ನು ನೋಡುವ ವೈದ್ಯರು. ಈ ಎರಡರ ನಡುವೆ ಇರುವುದು ಒಂದು ಬೀದಿಯ ಅಗಲ ಮಾತ್ರ. ಹೊಸ ಪದ್ಧತಿಯ ಮೊದಲ ಪರೀಕ್ಷೆಗೆ ಇದಕ್ಕಿಂತ ತಕ್ಕ ಸ್ಥಳವನ್ನು ನಾವು ಕಾಣೆವು. 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವೂ ರಾಜ್ಯ ಸರ್ಕಾರವೂ ಕೂಡಿ, ಮೊದಲಿಗೆ ಹತ್ತು ಮಂದಿ ಅಭ್ಯರ್ಥಿಗಳಿಗಾದರೂ ಸಂಬಳಸಹಿತ ಶಿಕ್ಷಣವನ್ನು ಏರ್ಪಡಿಸಿ ನೋಡಲಿ ಎಂಬುದು ನಮ್ಮ ಪ್ರಾರ್ಥನೆ. ಬೆಂಗಳೂರಿನ ಕನ್ನಡವನ್ನೂ ತಮಿಳನ್ನೂ ಉರ್ದುವನ್ನೂ ಆಡಬಲ್ಲ, ಆ ಓಣಿಗಳಲ್ಲಿಯೇ ಬೆಳೆದ ಹುಡುಗಿಯು ರೋಗಿಯ ಕೆಲಸವನ್ನು ಬಲ್ಲಳು, ರೋಗಿಯ ಮನೆಯನ್ನೂ ಬಲ್ಲಳು. ಈ ಅರಿವನ್ನು ಯಾವ ಕಾಲೇಜೂ ಫೀಜು ತೆಗೆದುಕೊಂಡು ಕಲಿಸಲಾರದು.

ನಮ್ಮ ಶಾಲೆಯಂಥ ಸಂಸ್ಥೆಗಳಿಗೂ ಇಲ್ಲಿ ಕರ್ತವ್ಯವುಂಟು. ಹತ್ತನೆಯ ತರಗತಿ ಮುಗಿಸಿದ ಹುಡುಗಿಗೆ ನಾವು ಸಾಮಾನ್ಯವಾಗಿ ಡಾಕ್ಟರು, ಇಂಜಿನಿಯರು, ಉಪಾಧ್ಯಾಯಿನಿ, ದಾದಿ ಎಂಬ ನಾಲ್ಕು ಹೆಸರುಗಳನ್ನು ಹೇಳಿ ಸುಮ್ಮನಾಗುವೆವು. ಐದನೆಯದಾಗಿ ಇದನ್ನೂ ಹೇಳಬೇಕು. ಜೀವಶಾಸ್ತ್ರವನ್ನು ಬಿಡಬೇಡವೆಂದು ಮುಂಚಿತವಾಗಿಯೇ ಎಚ್ಚರಿಸಬೇಕು. ಹಳೆಯ ವಿದ್ಯಾರ್ಥಿನಿಯರಲ್ಲಿ ಆಸ್ಪತ್ರೆಗಳಲ್ಲಿ ಉನ್ನತ ಪದವಿಯಲ್ಲಿರುವವರು ತಮ್ಮ ಕೈಕೆಳಗೆ ದುಡಿಯುವ ಆಯಾಗಳಲ್ಲಿಯೂ ಸಹಾಯಕಿಯರಲ್ಲಿಯೂ ಇಂಥ ಆಸೆಯನ್ನು ಹೊತ್ತವರು ಯಾರಾದರೂ ಇರುವರೇ ಎಂದು ವಿಚಾರಿಸಬೇಕು. ಪರರ ದೇಹವನ್ನು ಮುಟ್ಟಿ ಮಾಡುವ ಕೆಲಸವೆಂದು ಹಿಂಜರಿಯುವ ತಾಯಿತಂದೆಗಳಿಗೆ ನಾವು ಹೇಳುವುದಿಷ್ಟೆ: ಒಂದು ಕಾಲದಲ್ಲಿ ದಾದಿಯರ ವೃತ್ತಿಯನ್ನೂ ಜನರು ಹೀಗೆಯೇ ಹೀನವಾಗಿ ಕಂಡರು, ಇಂದು ಅದೇ ವೃತ್ತಿಯು ಸಾವಿರಾರು ಮನೆಗಳನ್ನು ಎತ್ತಿ ಹಿಡಿದಿದೆ.

ಆ ಹುಡುಗಿಯು ಈಗಲೂ ನರ್ಸಿಂಗ್ ಹೋಮಿನಲ್ಲಿ ದುಡಿಯುತ್ತಿರುವಳು. ಕಳೆದ ಸಲ ನಮ್ಮನ್ನು ಕಾಣಲು ಬಂದಾಗ ಒಂದು ಮೊಳ ಸೇವಂತಿಗೆಯನ್ನು ತಂದಿದ್ದಳು. "ಅಮ್ಮ ಕಟ್ಟಿದ್ದು, ಟೀಚರ್" ಎಂದಳು. ಕಟ್ಟು ಅಲ್ಲಲ್ಲಿ ಸಡಿಲವಾಗಿತ್ತು; ಆದರೆ ಒಂದು ಹೂವೂ ಉದುರಿರಲಿಲ್ಲ. ಅವಳು ತನ್ನ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ನಾವೂ ಉತ್ತರ ಹೇಳಲಿಲ್ಲ. ಮುಂದೆ ಇಂಥ ಹುಡುಗಿಯೊಬ್ಬಳು ನಮ್ಮ ಬಾಗಿಲಿಗೆ ಬಂದಾಗ, "ಹೋಗು ಮಗಳೇ, ಬೀದಿಯಾಚೆಗೆ ಅರ್ಜಿಯನ್ನು ಕೊಡು, ಸಂಬಳವೂ ಉಂಟು, ಪಾಠವೂ ಉಂಟು" ಎಂದು ಹೇಳುವ ಭಾಗ್ಯವು ನಮ್ಮದಾಗಲೆಂದು ಹಾರೈಸುತ್ತೇವೆ.