ತಡ್ಕೊಳ್ಳಿ ಅನ್ನೋದು ಔಷಧಿ ಅಲ್ಲ

“ಜೀವ ಉಳೀತಲ್ಲ, ಅದು ದೊಡ್ಡದು. ಕೈಕಾಲು ನೋವು ಯಾರಿಗಿಲ್ಲ ಬಿಡಿ.”

ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿಕೊಂಡು ಊರಿಗೆ ವಾಪಸು ಬಂದ ಹೆಂಗಸರಿಗೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಸಿಗೋ ಸಮಾಧಾನ ಇದು. ನೋಡೋಕೆ ಬಂದ ನೆಂಟರು ಹೇಳ್ತಾರೆ. ಮನೆ ಗಂಡಸರು ಹೇಳ್ತಾರೆ. ಡಾಕ್ಟರೂ ಇದನ್ನೇ ಹೇಳ್ತಾರೆ, ಸ್ವಲ್ಪ ಇಂಗ್ಲಿಷ್ ಬೆರೆಸಿ. ಕೇಳಿ ಕೇಳಿ ಕೊನೆಗೆ ಆ ಹೆಂಗಸರೇ ತಮಗೆ ತಾವೇ ಹೇಳಿಕೊಳ್ಳೋಕೆ ಶುರು ಮಾಡ್ತಾರೆ. ನನ್ನ ಜಗಳ ಇರೋದು ಈ ಒಂದು ಮಾತಿನ ಜೊತೆ. ಕೇಳೋಕೆ ಸಮಾಧಾನದ ಮಾತಿನ ಹಾಗಿದೆ, ಮಾಡೋ ಕೆಲಸ ಮಾತ್ರ ಬಾಯಿ ಮುಚ್ಚಿಸೋದು. ಬಾಯಿ ಮುಚ್ಚಿದ ಹೆಂಗಸು ಮುಂದೆ ಏನು ಮಾಡ್ತಾಳೆ ಅನ್ನೋದನ್ನ ಯಾರೂ ಹೋಗಿ ನೋಡಲ್ಲ. ಅವಳು ಮಾತ್ರೆ ಬಿಡ್ತಾಳೆ.

ಯಾವ ಮಾತ್ರೆ? ಸ್ತನ ಕ್ಯಾನ್ಸರುಗಳಲ್ಲಿ ಈಸ್ಟ್ರೊಜೆನ್ ಅನ್ನೋ ಹಾರ್ಮೋನಿನ ಬಲದಿಂದ ಬೆಳೆಯೋ ಒಂದು ಬಗೆ ಇದೆ. ಮುಟ್ಟು ನಿಂತ ಮೇಲೆ ಅಂಡಾಶಯ ಈಸ್ಟ್ರೊಜೆನ್ ಮಾಡೋದು ನಿಲ್ಲಿಸಿದರೂ ಮೈಯ ಕೊಬ್ಬು, ಮಾಂಸಖಂಡಗಳಲ್ಲಿ ಅರೋಮಟೇಸ್ ಅನ್ನೋ ಕಿಣ್ವ ಬೇರೆ ಹಾರ್ಮೋನುಗಳನ್ನ ಸ್ವಲ್ಪ ಸ್ವಲ್ಪವಾಗಿ ಈಸ್ಟ್ರೊಜೆನ್ ಮಾಡ್ತಾನೇ ಇರುತ್ತೆ. ಆ ಕಿಣ್ವವನ್ನ ತಡೆಯೋ ಮಾತ್ರೆಗಳು ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸೆಮೆಸ್ಟೇನ್. ದಿನಕ್ಕೊಂದು, ಸಾಮಾನ್ಯವಾಗಿ ಐದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ರೋಗ ಮತ್ತೆ ಬರದ ಹಾಗೆ ಕಾಯೋದ್ರಲ್ಲಿ ಇವಕ್ಕೆ ದೊಡ್ಡ ಪಾತ್ರ. ಲೆಟ್ರೊಜೋಲ್ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ. ಒಳ್ಳೆ ಮಾತ್ರೆಗಳು, ಅದರ ಬಗ್ಗೆ ನನ್ನ ತಕರಾರಿಲ್ಲ.

ಆದರೆ ಮೈಯಲ್ಲಿ ಉಳಿದಿದ್ದ ಅಷ್ಟಿಷ್ಟು ಈಸ್ಟ್ರೊಜೆನ್ನೂ ಹೋದಾಗ ಕೀಲುಗಳು ಕೂಗೋಕೆ ಶುರು ಮಾಡ್ತವೆ. ಇದು ಅಪರೂಪವೇನಲ್ಲ. ಈ ಮಾತ್ರೆ ನುಂಗೋರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಒಂದಲ್ಲ ಒಂದು ಮಟ್ಟದಲ್ಲಿ ಬರುತ್ತೆ, ಬಹಳ ಸಲ ಮೊದಲ ಕೆಲವು ತಿಂಗಳಲ್ಲೇ. ಎರಡೂ ಕೈ, ಎರಡೂ ಮಂಡಿ, ಎರಡೂ ಪಾದ. ಬೆಳಿಗ್ಗೆ ಏಳುವಾಗ ಬೆರಳು ಮಡಚೋಕಾಗದ ಬಿಗಿ. ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಊರಿದರೆ ಹಿಮ್ಮಡಿಯಲ್ಲಿ ಚುಳ್ ಅನ್ನೋ ನೋವು. ಕೆಲವರಿಗೆ ಮಣಿಕಟ್ಟಿನಲ್ಲಿ ನರ ಒತ್ತಿ ಬೆರಳು ಜೋಮು, ಕೆಲವರಿಗೆ ಮಡಚಿದ ಬೆರಳು ಅಲ್ಲೇ ಸಿಕ್ಕಿಕೊಂಡು, ಇನ್ನೊಂದು ಕೈಯಲ್ಲಿ ಹಿಡಿದು ಬಿಡಿಸಬೇಕು.

ಈ ಬೆರಳುಗಳು ನಮ್ಮ ಸೀಮೆಯಲ್ಲಿ ಏನೇನು ಮಾಡ್ತವೆ ನೋಡಿ. ಬೆಳಿಗ್ಗೆ ಎದ್ದ ತಕ್ಷಣ ಹಾಲು ಕರೀಬೇಕು. ಡೈರಿಗೆ ಹಾಲು ಹಾಕೋ ಹೊತ್ತು ನಮ್ಮ ಬೆರಳಿನ ಬಿಗಿ ಇಳಿಯೋವರೆಗೂ ಕಾಯಲ್ಲ. ಆಮೇಲೆ ಮುದ್ದೆ ತೊಳೆಸಬೇಕು. ಕೋಲು ಹಿಡಿದು ಕುದಿಯೋ ರಾಗಿ ಹಿಟ್ಟು ತಿರುವೋದಕ್ಕೆ ಮಣಿಕಟ್ಟಿನಲ್ಲಿ ಎಷ್ಟು ಕಸುವು ಬೇಕು ಅಂತ ಒಂದು ದಿನ ತಿರುವಿ ನೋಡಿದೋರಿಗೆ ಗೊತ್ತು. ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿದ ಕಾಯಿ ಇಳಿಸಿದ ಮೇಲೆ ಕರಟ ಒಡೆದು ಉಂಡೆ ಕೊಬ್ಬರಿಗೆ ಏಟಾಗದ ಹಾಗೆ ಬಿಡಿಸೋದು ನಾಜೂಕಿನ ಕೆಲಸ, ದಿನವಿಡೀ ಕೂತು ಮಾಡೋದು. ಗರಿ ಸೀಳಿ ಪೊರಕೆ ಕಡ್ಡಿ ತೆಗೆಯೋದು, ಮಟ್ಟೆ ಹೊತ್ತು ಒಲೆಗೆ ಹಾಕೋದು. ಇಷ್ಟೂ ಕೆಲಸ ಕುಕ್ಕರುಗಾಲಲ್ಲಿ, ಬರಿಗಾಲಲ್ಲಿ.

ನನ್ನ ಅಮ್ಮನಿಗೆ ಐವತ್ತೆಂಟು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿಸಿ ಲೆಟ್ರೊಜೋಲ್ ಶುರುವಾದ ಮೂರನೇ ತಿಂಗಳಿಗೆ ಅವಳು ಗೋಡೆ ಹಿಡಿದು ನಡೆಯೋಕೆ ಶುರು ಮಾಡಿದಳು. “ಏನೂ ಇಲ್ಲ ಕಣಮ್ಮಿ, ಕೀಮೋದು ಉಳ್ಕೊಂಡಿರ್ಬೇಕು” ಅಂದಳು. ಊರವರು ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟರು. ವಾಯು ಅಂದರು, ವಯಸ್ಸು ಅಂದರು, ಯಾವಾಗಲೋ ಬಂದು ಹೋಗಿದ್ದ ಚಿಕುನ್ ಗುನ್ಯಾ ಅಂದರು. ಮಾತ್ರೆ ಅಂತ ಒಬ್ಬರೂ ಅನ್ನಲಿಲ್ಲ. ಅನ್ನೋದಾದರೂ ಹೇಗೆ? ಮಾತ್ರೆ ಬರೆದುಕೊಟ್ಟವರೇ ಅಂದಿರಲಿಲ್ಲ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಮಗೆ ಸಿಕ್ಕ ಸೂಚನೆ ಎರಡೇ ವಾಕ್ಯ: ಇದನ್ನ ದಿನಾ ತಗೊಳ್ಳಿ, ಆರು ತಿಂಗಳಿಗೆ ಬನ್ನಿ. ಆಸ್ಪತ್ರೆಯ ಹೆಸರು ಹೇಳಲ್ಲ. ಹೇಳಿದರೆ ಮಿಕ್ಕವು ತಪ್ಪಿಸಿಕೊಳ್ತವೆ.

ನಾನು ಸಾಫ್ಟ್‌ವೇರಿನವಳು. ನಮ್ಮಲ್ಲಿ ಗೊತ್ತಿರೋ ತೊಂದರೆ ಇದ್ದರೆ ಅದನ್ನ ಬರೆದೇ ಮಾಲು ಹೊರಗೆ ಕಳಿಸ್ತೀವಿ. ಇಂಥಾ ಕಡೆ ಹೀಗಾಗಬಹುದು, ಆದರೆ ಹೀಗೆ ಮಾಡಿ ಅಂತ. ಒಂದು ಮಾಮೂಲಿ ಮೊಬೈಲ್ ಆಪ್‌ಗೆ ಇಷ್ಟು ಮರ್ಯಾದೆ ಇದೆ. ಐದು ವರ್ಷ ದಿನಾ ನುಂಗಬೇಕಾದ, ಅರ್ಧದಷ್ಟು ಜನಕ್ಕೆ ಕೀಲು ನೋವು ತರೋ ಮಾತ್ರೆಗೆ ಒಂದು ಕನ್ನಡ ಚೀಟಿ ಇಲ್ಲ. ಡಬ್ಬಿಯೊಳಗೆ ಮಡಚಿಟ್ಟ ಕಾಗದ ಇರುತ್ತೆ, ಇರುವೆಯಷ್ಟು ಅಕ್ಷರದ ಇಂಗ್ಲಿಷಿನಲ್ಲಿ. ಸ್ಟ್ರಿಪ್ ಲೆಕ್ಕದಲ್ಲಿ ಕೊಂಡರೆ ಅದೂ ಕೈಗೆ ಬರಲ್ಲ.

ಹೇಳಿದರೆ ಹೆದರಿ ಮಾತ್ರೆ ಬಿಟ್ಟುಬಿಡ್ತಾರೆ ಅಂತ ಡಾಕ್ಟರು ಕಡೆಯವರ ವಾದ. ಹೇಳದೆ ಇದ್ದಾಗ ಆಗ್ತಿರೋದಾದರೂ ಏನು? ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹೆಂಗಸರ ಔಷಧಿ ದಾಖಲೆ ನೋಡಿ 2010ರಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು. ಹಾರ್ಮೋನ್ ಮಾತ್ರೆಯನ್ನ ಪೂರ್ತಿ ಅವಧಿ, ತಪ್ಪದೆ ತಗೊಂಡವರು ನೂರಕ್ಕೆ 49 ಜನ ಮಾತ್ರ. ಬೇಗ ಬಿಟ್ಟವರಲ್ಲಿ ಸಾವು ಜಾಸ್ತಿ ಅಂತ ಅದೇ ತಂಡ ಮುಂದಿನ ವರ್ಷ ತೋರಿಸಿತು. 2012ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಸುಮಾರು 500 ಹೆಂಗಸರ ಪೈಕಿ ನಾಲ್ಕರಲ್ಲೊಬ್ಬರು ಕೀಲು, ಮಾಂಸಖಂಡದ ನೋವಿಗೇ ಕೊಟ್ಟ ಮಾತ್ರೆಯನ್ನ ಎರಡು ವರ್ಷದೊಳಗೆ ನಿಲ್ಲಿಸಿದ್ದರು. ವಿಮೆ, ಕಾರು, ಫೋನ್ ಮಾಡಿದರೆ ಎತ್ತೋ ನರ್ಸು ಇರೋ ದೇಶದ ಕಥೆ ಇದು. ಬಾಣಸಂದ್ರಕ್ಕೆ ಬಂದು ರೈಲು ಹಿಡಿದು ಬೆಂಗಳೂರಿಗೆ ಹೋಗಬೇಕಾದ ತುರುವೇಕೆರೆ ಕಡೆ ಹೆಂಗಸಿನ ಲೆಕ್ಕ ಯಾರು ಇಟ್ಟಿದ್ದಾರೆ?

ಅವಳು ಬಿಟ್ಟಿದ್ದು ಗೊತ್ತೂ ಆಗಲ್ಲ. ಮಾತ್ರೆ ಬಿಟ್ಟ ಹದಿನೈದಿಪ್ಪತ್ತು ದಿನಕ್ಕೋ, ತಿಂಗಳೆರಡು ತಿಂಗಳಿಗೋ ಕೈಕಾಲು ಹಗುರ ಆಗುತ್ತೆ. ಅವಳಿಗೆ ಅದೇ ಸಾಕ್ಷಿ: ಮಾತ್ರೆ ಕೆಟ್ಟದ್ದು, ಬಿಟ್ಟಿದ್ದು ಒಳ್ಳೇದಾಯ್ತು. ಚೆಕಪ್ಪಿಗೆ ಹೋದಾಗ “ಮಾತ್ರೆ ತಗೋತಿದೀರಾ ಅಮ್ಮ?” ಅಂದರೆ ಬೈತಾರೆ ಅಂತ “ಹ್ಞೂ” ಅಂದು ಬರ್ತಾಳೆ. ಇದನ್ನ ನಿರ್ಲಕ್ಷ್ಯ ಅನ್ನೋರಿಗೆ ನನ್ನ ಪ್ರಶ್ನೆ: ಸೆಗಣಿ ಬಾಚೋಕೆ, ಹಾಲು ಕರೆಯೋಕೆ ಕೈ ಬೇಕೇ ಬೇಕು ಅನ್ನೋಳಿಗೆ ನೀವು ಇನ್ಯಾವ ದಾರಿ ತೋರಿಸಿದ್ರಿ?

ಇಲ್ಲಿ ಒಂದು ಮಾತು. ನಮ್ಮ ಕಡೆ ಕ್ಯಾನ್ಸರ್ ಅಂದರೆ ಕಿದ್ವಾಯಿ ಅನ್ನೋದು ರೂಢಿ. 1973ರಿಂದ ಆ ಸಂಸ್ಥೆ ಇಲ್ಲದೇ ಹೋಗಿದ್ದರೆ ಎಷ್ಟು ಬಡವರ ಮನೆ ದೀಪ ಆರುತ್ತಿತ್ತೋ. ಅಮ್ಮನಿಗೆ ಚಿಕಿತ್ಸೆ ಆಗಿದ್ದು ಬೇರೆ ಕಡೆ. ಆದರೆ ಯಾವ ಆಸ್ಪತ್ರೆಯೇ ಇರಲಿ, ಚಿಕಿತ್ಸೆ ಅನ್ನೋದು ಬೆಂಗಳೂರಿನಲ್ಲಿ ಮುಗಿಯಲ್ಲ. ಅಲ್ಲಿ ಮುಗಿಯೋದು ಕತ್ತರಿ, ಡ್ರಿಪ್ಪು, ಮಷೀನು. ಐದು ವರ್ಷದ ಚಿಕಿತ್ಸೆ ನಡೆಯೋದು ನಮ್ಮ ಅಡುಗೆ ಮನೆಯಲ್ಲಿ, ತೋಟದಲ್ಲಿ. ಅಲ್ಲಿಗೆ ಯಾರೂ ಬರಲ್ಲ.

ಟಿಬಿ ಮಾತ್ರೆಗೆ ನೋಡಿ. ಆರು ತಿಂಗಳ ಮಾತ್ರೆ, ಅದನ್ನ ನುಂಗಿದನಾ ಇಲ್ಲವಾ ಅಂತ ನೋಡೋಕೆ ಮನೆ ಬಾಗಿಲಿಗೆ ಬರ್ತಾರೆ. ಸರಿಯಾಗಿಯೇ ಇದೆ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಫಾರ್ಮ್ ಹಿಡಿದು ಬರ್ತಾಳೆ, ಎದೆಯಲ್ಲಿ ಗಂಟು ಇದೆಯಾ ಅಂತ ಕೇಳ್ತಾಳೆ. ಅದೂ ಸರಿ. ಗಂಟು ತೆಗೆಸಿಕೊಂಡು ಬಂದವಳ ಹತ್ತಿರ ಮೂರು ತಿಂಗಳಿಗೊಮ್ಮೆ “ಮಾತ್ರೆ ಹೆಂಗಿದೆಯಕ್ಕ, ಕೈಕಾಲು ಹೆಂಗಿದೆ?” ಅಂತ ಕೇಳಿಸೋಕೆ ಏನು ಅಡ್ಡಿ? (ಆಶಾಗಳಿಗೆ ಇರೋ ಕೆಲಸಕ್ಕೇ ಸರಿಯಾಗಿ ಸಂಬಳ ಕೊಡಲ್ಲ ಅನ್ನೋದು ನನಗೂ ಗೊತ್ತು. ಈ ಕೆಲಸಕ್ಕೂ ಸೇರಿಸಿ ಕೊಡಲಿ.)

ನಮಗೆ ಇದೆಲ್ಲ ಮಾಡೋಕೆ ಬರಲ್ಲ ಅಂತಲ್ಲ. 2000ದ ಆಸುಪಾಸು ತೆಂಗಿಗೆ ನುಸಿ ಬಿದ್ದಾಗ ನಾನು ಚಿಕ್ಕವಳು. ತೋಟ ತೋಟಕ್ಕೆ ಹೋಗಿ, ಎಳೆ ಬೇರು ಹುಡುಕಿ, ಓರೆಯಾಗಿ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಔಷಧಿ ಕಟ್ಟಿ ಮರಕ್ಕೆ ಕುಡಿಸೋದನ್ನ ಹೇಳಿಕೊಟ್ಟರು. ಔಷಧಿ ಕೊಟ್ಟ ಮೇಲೆ ಇಷ್ಟು ದಿನ ಕಾಯಿ ಕೀಳಬೇಡಿ ಅನ್ನೋದನ್ನೂ ಹೇಳಿದರು. ಅಂದರೆ ಮರಕ್ಕೆ ಕೊಟ್ಟ ಔಷಧಿಯ ಅಡ್ಡಪರಿಣಾಮ ನಮ್ಮೂರಿನ ಪ್ರತಿ ಗಂಡಸಿಗೂ ಗೊತ್ತಿತ್ತು. 2024ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತಾರೆ. ಹೆಂಡತಿ ನುಂಗೋ ಮಾತ್ರೆ ಹೆಸರು ಕೇಳಿ, “ಅದೇ, ಸಣ್ಣದು, ಹಳದಿದು” ಅಂತಾರೆ.

ಈ ಖಾಲಿ ಜಾಗಕ್ಕೆ ನುಗ್ಗೋರೂ ಇದ್ದಾರೆ. ಒಂದು ಇಂಜೆಕ್ಷನ್ ಹಾಕಿ ಮಾರನೇ ದಿನ ಓಡಾಡಿಸೋರು, ಪೊಟ್ಟಣದಲ್ಲಿ ಹೆಸರಿಲ್ಲದ ಪುಡಿ ಕೊಡೋರು. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿ ಮಾರೋದು ಹೊಸದೇನಲ್ಲ. ಅರೋಮಟೇಸ್ ತಡೆಯೋ ಮಾತ್ರೆ ಮೊದಲೇ ಮೂಳೆ ಸವೆಸುತ್ತೆ. ಅದರ ಮೇಲೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಬಿದ್ದರೆ ಅಂಗಳದಲ್ಲಿ ಜಾರಿ ಬಿದ್ದಾಗ ಮುರಿಯೋದು ಸೊಂಟ.

ಏನೂ ಮಾಡೋಕಾಗಲ್ಲ ಅನ್ನೋದಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮಾಡೋಕೆ ಬೇಕಾದಷ್ಟಿದೆ. ಒಂದು ಮಾತ್ರೆ ಆಗಿಬರದಿದ್ದರೆ ಅದೇ ಕೆಲಸ ಮಾಡೋ ಇನ್ನೊಂದಕ್ಕೆ ಬದಲಾಯಿಸಬಹುದು. ಮೇಲೆ ಹೇಳಿದ 2012ರ ಅಧ್ಯಯನದಲ್ಲೇ ಹಾಗೆ ಬದಲಾದವರಲ್ಲಿ ಸುಮಾರು ಐದಕ್ಕೆ ಇಬ್ಬರು ಎರಡನೇದನ್ನ ಮುಂದುವರಿಸಿಕೊಂಡು ಹೋದರು. ಕೆಲವರಿಗೆ ಟಮಾಕ್ಸಿಫೆನ್‌ಗೆ ಬದಲಾಯಿಸ್ತಾರೆ. ಡ್ಯುಲಾಕ್ಸೆಟಿನ್ ಅನ್ನೋ ಮಾತ್ರೆ ಈ ನೋವಿಗೆ ಉಪಯೋಗ ಆಗುತ್ತೆ ಅಂತ 2018ರಲ್ಲಿ ಪ್ರಕಟವಾದ 299 ಹೆಂಗಸರ ಪರೀಕ್ಷೆ ತೋರಿಸಿದೆ. ವಿಟಮಿನ್ ಡಿ ನೋಡಬೇಕು, ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಮಾಡಿಸಬೇಕು. ಯಾವುದು ಯಾರಿಗೆ ಅನ್ನೋದು ಕ್ಯಾನ್ಸರ್ ಡಾಕ್ಟರ ಕೆಲಸ. ಆದರೆ ನೋವು ಅವರ ಕಿವಿಗೆ ಬೀಳದೆ ಇವು ಯಾವುದೂ ಶುರುವೇ ಆಗಲ್ಲ.

ವ್ಯಾಯಾಮದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಯೇಲ್ ವಿಶ್ವವಿದ್ಯಾಲಯದವರು 121 ಹೆಂಗಸರನ್ನ ಇಟ್ಟುಕೊಂಡು ಮಾಡಿದ, 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ವಾರಕ್ಕೆ 150 ನಿಮಿಷ ಬಿರುಸು ನಡಿಗೆಯಂಥದ್ದು, ಎರಡು ದಿನ ಹೇಳಿಕೊಡೋರ ಎದುರು ಭಾರ ಎತ್ತೋದು. ಒಂದು ವರ್ಷಕ್ಕೆ ಅವರ ಅತಿ ಹೆಚ್ಚಿನ ನೋವಿನ ಅಂಕ ಶೇ. 29ರಷ್ಟು ಇಳಿಯಿತು, ಹಾಗೇ ಬಿಟ್ಟವರದ್ದು ಶೇ. 3 ಏರಿತು. ಒಳ್ಳೆ ಸುದ್ದಿ. ಆದರೆ ಆ ಹೆಂಗಸರು ಮೊದಲು ವ್ಯಾಯಾಮ ಇಲ್ಲದೆ ಕೂತಿದ್ದವರು. ಇದನ್ನ ಓದಿಕೊಂಡ ನಮ್ಮ ಡಾಕ್ಟರು ಚಿಕ್ಕನಾಯಕನಹಳ್ಳಿ ಕಡೆಯ ಹೆಂಗಸಿಗೆ “ದಿನಾ ವಾಕ್ ಮಾಡಿ” ಅಂದರೆ ಅವಳು ಸೆರಗು ಮುಚ್ಚಿ ನಗ್ತಾಳೆ. ಬೆಳಗಿನಿಂದ ಅವಳು ಮಾಡ್ತಿರೋದೇ ಅದು. ಅವಳಿಗೆ ಹೇಳಬೇಕಾದ್ದು ಬೇರೆ: ಯಾವ ಕೆಲಸ ಯಾವ ಭಂಗಿಯಲ್ಲಿ ಮಾಡಬೇಕು, ಎಷ್ಟು ಹೊತ್ತಿಗೆ ಏಳಬೇಕು, ತೊಡೆಗೆ, ತೋಳಿಗೆ ಬಲ ಬರೋ ವ್ಯಾಯಾಮ ಯಾವುದು. ಜಯನಗರದ ಪಾರ್ಕಿಗೆ ಬರೆದ ಸಲಹೆಯನ್ನ ತೆಂಗಿನ ತೋಟಕ್ಕೆ ಕಳಿಸಿದರೆ ಆಗಲ್ಲ. ಇದಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಫಿಸಿಯೋಥೆರಪಿಯವರು ಕೂರಬೇಕು, ತಿಪಟೂರಿನಲ್ಲಿ, ತುರುವೇಕೆರೆಯಲ್ಲಿ, ಚಿಕ್ಕನಾಯಕನಹಳ್ಳಿಯಲ್ಲಿ. ಕೇಳಿದರೆ ಅನುದಾನ ಇಲ್ಲ ಅಂತಾರೆ. ಊರ ಬಾಗಿಲಿಗೆ ಕಮಾನು ಕಟ್ಟೋಕೆ ಇರುತ್ತೆ.

ಇನ್ನು ನಮ್ಮ ಮನೆಗಳ ವಿಷಯ. ಒಳಗೆ ಚಪ್ಪಲಿ ಹಾಕಬಾರದು ಅನ್ನೋ ಮಡಿ. ತಣ್ಣನೆ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಲ್ಲಿ ಮೊದಲ ಹೆಜ್ಜೆ ಇಡೋದು ಹಿಮ್ಮಡಿ ನೋವಿರೋಳಿಗೆ ಎಂಥ ಶಿಕ್ಷೆ ಅಂತ ಗೊತ್ತಿದ್ದರೆ ಈ ಮಡಿಯ ಮಾತು ಬರುತ್ತಿರಲಿಲ್ಲ. ಅಮ್ಮನಿಗೆ ಮೆತ್ತನೆ ಅಟ್ಟೆಯ ಒಂದು ಜೊತೆ ಹೊಸ ಚಪ್ಪಲಿ ಹಾಸಿಗೆ ಪಕ್ಕದಲ್ಲೇ ಇಟ್ಟೆ, ಬಾಗಿಲಾಚೆಗೆ ಹೋಗದ ಚಪ್ಪಲಿ. ಒಬ್ಬ ಅತ್ತೆ ನೋಡಿ, “ದೇವರ ಮನೆ ಇರೋ ಮನೇಲಿ ಇದೇನವ್ವ” ಅಂದರು. ದೇವರಿಗೆ ತೊಂದರೆಯಾದರೆ ದೇವರೇ ಹೇಳಲಿ ಅತ್ತೆ ಅಂದೆ. ಇವತ್ತಿನವರೆಗೆ ಹೇಳಿಲ್ಲ.

ಹಾಲು ಕರೆಯೋಕೆ ಎತ್ತರದ ಸ್ಟೂಲು ಬಂತು, ಬೆಳಗಿನ ಸರದಿ ಅಪ್ಪನಿಗೆ ಹೋಯ್ತು. ಮೊದಲ ವಾರ ಹಸು ಒದೆಯಿತು, ಆಮೇಲೆ ಇಬ್ಬರೂ ಹೊಂದಿಕೊಂಡರು. ಎದ್ದ ತಕ್ಷಣ ಅಮ್ಮ ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿ ಬೆರಳು ಮಡಚಿ ಬಿಚ್ಚಿ ಮಾಡ್ತಾಳೆ. ಮುಂದಿನ ಚೆಕಪ್ಪಿಗೆ ಅವಳ ಕೈಯಲ್ಲೇ ಒಂದು ಚೀಟಿ ಬರೆಸಿದೆ. ನೋವು ಯಾವಾಗ ಶುರುವಾಯ್ತು, ಎಲ್ಲೆಲ್ಲಿ, ಹತ್ತಕ್ಕೆ ಎಷ್ಟು, ಯಾವ ಕೆಲಸ ನಿಂತುಹೋಗಿದೆ. “ಸ್ವಲ್ಪ ನೋವಿದೆ” ಅಂತ ಹೇಳಿದಾಗ ತಲೆ ಎತ್ತದಿದ್ದ ಡಾಕ್ಟರು, “ಹಾಲು ಕರೆಯೋಕಾಗ್ತಿಲ್ಲ, ಮುದ್ದೆ ಕೋಲು ಹಿಡಿಯೋಕಾಗ್ತಿಲ್ಲ” ಅಂತ ಓದಿದಾಗ ಪೆನ್ನು ಕೆಳಗಿಟ್ಟರು. ಮಾತ್ರೆ ಬದಲಾಯ್ತು. ನೋವು ಪೂರ್ತಿ ಹೋಗಿಲ್ಲ. ಹತ್ತಕ್ಕೆ ಎಂಟಿದ್ದದ್ದು ನಾಲ್ಕಾಗಿದೆ, ಚಳಿಗಾಲದಲ್ಲಿ ಐದು.

ಆ ಚೀಟಿಯನ್ನ ನಮ್ಮೂರಿನ ಇನ್ನಿಬ್ಬರು ನಕಲು ಮಾಡಿಕೊಂಡು ಹೋಗಿದ್ದಾರೆ. ಅವರಲ್ಲೊಬ್ಬರು ಮಾತ್ರೆ ಬಿಟ್ಟು ಎಂಟು ತಿಂಗಳಾಗಿತ್ತು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.